ಮಾದೇಶನ ಸರದಿ

ನಂಜನಗೂಡಿನಲ್ಲಿ, ಕಪಿಲಾ ನದಿಯ ದಡದಲ್ಲಿ ಶಿವನಂಜಯ್ಯ ಎಂಬ ಮೇಷ್ಟ್ರು ಇದ್ದರು. ಕಾರ್ಡ್ ಆಟದ ಪಂದ್ಯಗಳಲ್ಲಿ ತೀರ್ಪು ಕೊಡುವುದು ಹೇಗೆಂದು ಅವರು ಕಲಿಸುತ್ತಿದ್ದರು.

ಆಟದ ಹೆಸರು ಸಪ್ತದ್ವೀಪ. ಇಸ್ಪೀಟಿನ ಹಾಗೆ ಎಲ್ಲರಿಗೂ ಒಂದೇ ಕಟ್ಟು ಸಾಲದು. ಕಾರ್ಡುಗಳನ್ನು ಒಂದೊಂದಾಗಿ ಕೊಂಡು, ಬೇರೆಯವರ ಹತ್ತಿರ ಬದಲಾಯಿಸಿಕೊಂಡು, ಪ್ರತಿ ಆಟಗಾರನೂ ತನ್ನದೇ ಕಟ್ಟು ಮಾಡಿಕೊಳ್ಳಬೇಕು. ನಾಲ್ಕು ತಿಂಗಳಿಗೊಮ್ಮೆ ಹೊಸ ಕಾರ್ಡುಗಳು ಬರುತ್ತವೆ. ಅವುಗಳ ಬೆನ್ನಿಗೇ ತಿದ್ದಿದ ನಿಯಮಗಳ ಹಾಳೆಯೂ ಬರುತ್ತದೆ.

ಮೇಷ್ಟ್ರ ಬಳಿ ಮೂರು ವರ್ಷದಿಂದ ಕಲಿಯುತ್ತಿದ್ದವಳು ನಾಗವೇಣಿ. ಹಾಳೆ ಬಂದ ದಿನವೇ ಅವಳಿಗೆ ಅದು ಬಾಯಿಪಾಠ.

ಆ ಸಲವೂ ಹಾಗೇ ಆಯಿತು. ನಲವತ್ತು ನಿಯಮಗಳನ್ನು ಅವಳು ಒಂದೇ ಉಸಿರಿಗೆ ಒಪ್ಪಿಸಿದಳು.

"ಎಲ್ಲಾ ಬಾಯಿಗೆ ಬಂತಾ?" ಎಂದರು ಮೇಷ್ಟ್ರು.

"ಬಂತು ಮೇಷ್ಟ್ರೇ."

"ಕಿವಿಗೆ?"

ಮೇಷ್ಟ್ರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಾಗವೇಣಿ ನಕ್ಕಳು.

ಆ ಹಾಳೆಯಲ್ಲಿ ಹನ್ನೆರಡನೆಯ ನಿಯಮ ಹೊಸದು. ಕಾರ್ಡಿಗೆ ವಿಶೇಷ ಗುಣವಿದ್ದರೆ, ಎದುರಾಳಿ ಮುಂದಿನ ಕಾರ್ಡು ಎತ್ತುವ ಮೊದಲೇ ಅದನ್ನು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಆ ಗುಣ ನಡೆಯುವುದಿಲ್ಲ. ಒಂದೇ ಪಂದ್ಯದಲ್ಲಿ ಎರಡು ಸಲ ಹೀಗಾದರೆ ಸೋತ ಹಾಗೆ.

ಅಲ್ಲಿಯವರೆಗೆ ಕಾರ್ಡಿನ ಮೇಲೆ ಬೆರಳಿಟ್ಟು ತೋರಿಸಿದರೆ ಸಾಕಾಗಿತ್ತು.

ಆ ಭಾನುವಾರ ಮೈಸೂರಿನ ಒಂದು ಛತ್ರದಲ್ಲಿ ಪಂದ್ಯಾವಳಿ. ಮಂಡಿನೋವಿನಿಂದ ಮೇಷ್ಟ್ರು ಹೋಗಲಿಲ್ಲ. ಮುಖ್ಯ ತೀರ್ಪುಗಾರ್ತಿಯಾಗಿ ನಾಗವೇಣಿಯನ್ನು ಕಳಿಸಿದರು. ಅವಳಿಗೆ ಅದು ಮೊದಲ ಸಲ.

ಬೆಳಿಗ್ಗೆ ಅರವತ್ತನಾಲ್ಕು ಜನ ಕೂತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ನಾಲ್ವರು ಉಳಿದರು. ಅವರಲ್ಲಿ ಒಬ್ಬ ಮಾದೇಶ. ಕೊಳ್ಳೇಗಾಲದವನು, ರೇಷ್ಮೆ ಮಗ್ಗದಲ್ಲಿ ನೇಯುವವನು. ಆರು ವರ್ಷದಿಂದ ಆಡುತ್ತಿದ್ದ. ಇಷ್ಟು ಮುಂದೆ ಬಂದದ್ದು ಅದೇ ಮೊದಲು.

ಮಾದೇಶನಿಗೆ ಉಗ್ಗು. ಬೆಳಿಗ್ಗೆ ಎದುರಿಗೆ ಕೂತವರೆಲ್ಲ ಅವನು ಹೇಳಿ ಮುಗಿಸುವವರೆಗೆ ಕಾದಿದ್ದರು.

ಈಗ ಅವನ ಎದುರಿಗೆ ಕೂತವನು ಪ್ರಣೀತ್ ಎಂಬ ಚುರುಕು ಹುಡುಗ. ಮಾದೇಶ ಒಂದು ಕಾರ್ಡು ಇಟ್ಟು, ಹೇಳಲು ಬಾಯಿ ತೆರೆದ. ಮೊದಲ ಅಕ್ಷರ ಗಂಟಲಲ್ಲಿ ಸಿಕ್ಕಿಕೊಂಡಿತು. ಪ್ರಣೀತ್ ತನ್ನ ಕಾರ್ಡು ಎತ್ತಿಯೇಬಿಟ್ಟ. ಆಮೇಲೆ ಕೈ ಎತ್ತಿ ನಾಗವೇಣಿಯನ್ನು ಕರೆದ.

"ಮೇಡಂ, ಇವರು ಹೇಳಲಿಲ್ಲ."

ಮಾದೇಶ ಕಾರ್ಡಿನ ಮೇಲೆ ಬೆರಳಿಟ್ಟ.

"ಬೆರಳು ತೋರಿಸಿದರೆ ಆಗಲ್ಲ. ಹನ್ನೆರಡನೇ ನಿಯಮ ಓದಿದ್ದೀರಾ?" ಎಂದಳು ನಾಗವೇಣಿ.

ಅವನು ಹೌದೆಂದು ತಲೆಯಾಡಿಸಿದ.

"ಹಾಗಿದ್ದರೆ ಆ ಗುಣ ನಡೆಯಲ್ಲ."

ಸ್ವಲ್ಪ ಹೊತ್ತಿಗೆ ಮತ್ತೆ ಹಾಗೇ ಆಯಿತು. ಈ ಸಲ ಮಾದೇಶ ಕಾರ್ಡು ಇಡುವ ಮೊದಲೇ ಮಾತಿಗೆ ಹೊರಟಿದ್ದ. ಕತ್ತಿನ ನರ ಉಬ್ಬಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ನೋಡಿದ ಮೇಲೆ ಮಾತು ಇನ್ನಷ್ಟು ಬಿಗಿದುಕೊಂಡಿತು. ಪ್ರಣೀತ್ ಮತ್ತೆ ಕಾರ್ಡು ಎತ್ತಿದ.

ನಾಗವೇಣಿ ಪಂದ್ಯ ಮುಗಿಸಿ, ಪ್ರಣೀತ್ ಗೆದ್ದನೆಂದು ಬರೆದಳು.

ಮಾದೇಶ ಕಾರ್ಡುಗಳನ್ನು ಜೋಡಿಸಿ ಎದ್ದ. ಅವಳ ಮುಂದೆ ನಿಂತು "ನ... ನ..." ಎಂದ.

'ನಾನು ಹೇಳಿದ್ದೆ' ಎಂದು ವಾದಕ್ಕೆ ನಿಲ್ಲುತ್ತಾನೆ ಅಂದುಕೊಂಡಳು ನಾಗವೇಣಿ.

"ತೀರ್ಪು ಆಯ್ತು. ಇನ್ನು ಮಾತಿಲ್ಲ," ಎಂದು ಬೇರೆ ಮೇಜಿಗೆ ಹೋದಳು.

ತಿರುಗಿ ನೋಡಿದಾಗ ಅವನು ಇರಲಿಲ್ಲ.

ಮರುದಿನ ಬೆಳಿಗ್ಗೆ ನಾಗವೇಣಿ ನಂಜನಗೂಡಿಗೆ ಬಂದಳು. ಮೇಷ್ಟ್ರು ನದಿಯ ಮೆಟ್ಟಿಲ ಮೇಲೆ ಕೂತು ಬಟ್ಟೆ ಹಿಂಡುತ್ತಿದ್ದರು. ಅವಳು ಎಲ್ಲವನ್ನೂ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯಿತ್ತು.

"ಹೊಸ ನಿಯಮ ನಡೆಸಿದ ಮೊದಲ ತೀರ್ಪು ನಂದೇ ಮೇಷ್ಟ್ರೇ. ಒಂದು ಅಕ್ಷರ ಆಚೀಚೆ ಆಗಲಿಲ್ಲ."

"ಅವನು ಏನಂದ?"

"ಏನೂ ಹೇಳಲಿಲ್ಲ."

"ಹೇಳಲಿಲ್ವೋ, ನೀನು ಕೇಳಲಿಲ್ವೋ?"

"ಉಗ್ಗು ಇದೆ ಅಂತ ನನಗೂ ಗೊತ್ತಾಯ್ತು. ಆದರೆ ನಿಯಮದಲ್ಲಿ ಉಗ್ಗಿಗೆ ರಿಯಾಯಿತಿ ಇಲ್ಲವಲ್ಲ?"

ಮೇಷ್ಟ್ರು ಚೊಂಬಿನಲ್ಲಿ ನೀರು ತುಂಬಿ ಅವಳ ಕೈಗೆ ಕೊಟ್ಟರು.

"ಬಾಯಿ ತುಂಬ ನೀರು ತುಂಬ್ಕೋ. ನುಂಗಬೇಡ, ಉಗುಳಬೇಡ."

ಅವಳು ಹಾಗೆಯೇ ಮಾಡಿದಳು.

"ನಿನ್ನ ಊರು ಯಾವುದು?"

ನಾಗವೇಣಿ ನದಿಯ ಆಚೆ ದಡಕ್ಕೆ ಕೈ ತೋರಿಸಿದಳು.

"ಹೇಳಲಿಲ್ಲ. ಊರಿಲ್ಲದವಳು. ನಿಮ್ಮಪ್ಪನ ಹೆಸರೇನು?"

ಅವಳು ಕೈ ಆಡಿಸಿದಳು. ಗಾಳಿಯಲ್ಲಿ ಬೆರಳಿನಿಂದ ಅಕ್ಷರ ಬರೆದಳು.

"ಹೇಳಲಿಲ್ಲ. ಅಪ್ಪ ಇಲ್ಲದವಳು. ಎರಡು ಸಲ ಆಯ್ತು. ಮನೆಗೆ ಹೋಗು."

ನಾಗವೇಣಿ ನೀರನ್ನು ಉಗುಳಿದಳು. ಕಣ್ಣು ಕೆಂಪಾಗಿತ್ತು.

"ಇದು ಅನ್ಯಾಯ ಮೇಷ್ಟ್ರೇ!"

"ಅನ್ಯಾಯ ಅನ್ನೋಕೆ ನಿನಗೆ ನೀರು ಉಗುಳಿದರೆ ಸಾಕಾಯ್ತು," ಎಂದರು ಮೇಷ್ಟ್ರು.

ಅವಳು ಮೆಟ್ಟಿಲ ಮೇಲೆ ಕೂತಳು. ಮಾದೇಶನ ಕತ್ತಿನ ನರ ಕಣ್ಣ ಮುಂದೆ ಬಂತು.

ಅವಳು ಕೇಳಿದಳು. "ಇಂಥ ನಿಯಮ ಯಾರು ಬರೆದರು ಮೇಷ್ಟ್ರೇ? ಅವರಿಗಾದರೂ ತಿಳೀಬಾರದಾ?"

"ನಾನೇ ಬರೆದದ್ದು."

ನಾಗವೇಣಿ ತಲೆಯೆತ್ತಿದಳು.

"ಹೋದ ವರ್ಷ ಬೆರಳಿನ ವಿಷಯಕ್ಕೆ ಎಷ್ಟು ಜಗಳ ಆಯ್ತು, ನೋಡಿದೆಯಲ್ಲ. ತೋರಿಸಿದೆ ಅಂತ ಒಬ್ಬ, ತೋರಿಸಲಿಲ್ಲ ಅಂತ ಇನ್ನೊಬ್ಬ. ನಿಯಮ ತಿದ್ದುವವರು ನನ್ನ ಅಭಿಪ್ರಾಯ ಕೇಳಿದರು. ಬಾಯಲ್ಲೇ ಹೇಳಲಿ ಅಂತ ಬರೆದು ಕಳಿಸಿದೆ." ಮೇಷ್ಟ್ರು ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದರು. "ಬರೆಯೋವಾಗ ಜಗಳ ಆಡೋರೇ ಕಣ್ಮುಂದೆ ಇದ್ರು ಕಣಮ್ಮ. ಸುಮ್ಮನೆ ಆಡಿಕೊಂಡು ಹೋಗೋನೊಬ್ಬ ಇರ್ತಾನೆ ಅಂತ ಹೊಳೀಲೇ ಇಲ್ಲ."

"ಈಗ ಏನು ಮಾಡೋದು?"

"ಅವನ ವಿಳಾಸ ಇದೆಯಾ?"

ಹೆಸರು ಬರೆಸಿದ ಹಾಳೆಯಲ್ಲಿ ಫೋನ್ ನಂಬರೂ ವಿಳಾಸವೂ ಇದ್ದವು. ನಾಗವೇಣಿ ನಾಲ್ಕು ಸಲ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ.

"ಎತ್ತಿ ಅವನು ಏನು ಮಾಡ್ತಾನೆ?" ಎಂದು ಮೇಷ್ಟ್ರು ಎದ್ದರು. "ನಡಿ, ಬಸ್ಸಿಗೆ ಹೋಗೋಣ."

ಮಂಡಿನೋವಿನಲ್ಲೇ ಅವರು ಎರಡು ಬಸ್ಸು ಹತ್ತಿ ಇಳಿದರು. ದಾರಿಯಲ್ಲಿ ನಾಗವೇಣಿ ಕ್ಷಮೆ ಕೇಳುವ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು.

ಕೊಳ್ಳೇಗಾಲದಲ್ಲಿ ಮಾದೇಶನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮಗ್ಗದ ಸದ್ದು ಬೀದಿಗೇ ಕೇಳುತ್ತಿತ್ತು. ಬಾಗಿಲಲ್ಲಿ ಅವನ ತಾಯಿ ಇದ್ದರು.

"ಬನ್ನಿ ಬನ್ನಿ, ಕೂತ್ಕಳಿ," ಎಂದು ಚಾಪೆ ಹಾಸಿದರು. ಬಂದವರು ಯಾರೆಂದು ತಿಳಿದ ಮೇಲೂ ಆ ತಾಯಿ ಕೋಪಿಸಿಕೊಳ್ಳಲಿಲ್ಲ. "ಆಟ ಇರೋ ಭಾನ್ವಾರ ಬಂದ್ರೆ ಬೆಳಿಗ್ಗೆನೇ ಎದ್ದು ಸ್ನಾನ ಮಾಡಿ ಇಸ್ತ್ರಿ ಬಟ್ಟೆ ಹಾಕೋನು ಕಣಮ್ಮ. ನಿನ್ನೆ ಬಂದೋನು ಉಣ್ಣಲೂ ಇಲ್ಲ," ಎಂದಷ್ಟೇ ಹೇಳಿ ಟೀ ಕಾಯಿಸಲು ಒಳಗೆ ಹೋದರು.

ಮಾದೇಶ ಮಗ್ಗ ನಿಲ್ಲಿಸಿ ಎದ್ದು ಬಂದ. ಮೇಷ್ಟ್ರನ್ನು ನೋಡಿ ಕೈ ಮುಗಿದ. ನಾಗವೇಣಿಗೂ ಮುಗಿದ.

ಅವಳು ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ.

"ತಪ್ಪಾಯ್ತು," ಎಂದಳು. "ನಿನ್ನೆ ನೀವು ಏನೋ ಹೇಳೋಕೆ ಬಂದಿರಿ. ನಾನು ನಿಲ್ಲಲಿಲ್ಲ. ಅದೇನು ಅಂತ ಈಗ ಹೇಳ್ತೀರಾ?"

ಮಾದೇಶ ಬಾಯಿ ತೆರೆದ. ಮಾತು ಬರಲಿಲ್ಲ. ನಾಗವೇಣಿ ಕಾದಳು. ಅವನ ತುಟಿಯನ್ನು ನೋಡಲಿಲ್ಲ, ನೆಲವನ್ನೂ ನೋಡಲಿಲ್ಲ, ಅವನ ಕಣ್ಣುಗಳನ್ನೇ ನೋಡುತ್ತಾ ಕೂತಳು. ಬೀದಿಯಲ್ಲಿ ಒಂದು ಆಟೋ ಬಂದು ನಿಂತು, ಯಾರನ್ನೋ ಇಳಿಸಿ ಹೋಯಿತು.

"ನ... ನಮಸ್ಕಾರ," ಎಂದ ಮಾದೇಶ. "ಆಟ ಮು... ಮುಗಿದ ಮೇಲೆ ತೀರ್ಪು ಕೊಟ್ಟೋರಿಗೆ ನಮಸ್ಕಾರ ಹೇಳೋದು. ಯಾ... ಯಾವಾಗ್ಲೂ ಹೇಳ್ತೀನಿ."

ನಾಗವೇಣಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮೇಷ್ಟ್ರು ಮುಂದೆ ಬಾಗಿದರು. "ಮಾದೇಶಪ್ಪ, ಈ ಮಗುವಿನ ತಪ್ಪಿಗಿಂತ ನನ್ನ ತಪ್ಪು ದೊಡ್ಡದು. ಆ ನಿಯಮ ನನ್ನ ಕೈಯಿಂದ ಆದದ್ದು. ನಾನೇ ಅದನ್ನು ತಿದ್ದಿಸ್ತೀನಿ. ಮುಂದಿನ ಸಲ ಬಾ. ಬರ್ತೀಯಲ್ಲ?"

ಮಾದೇಶ ನಕ್ಕ. ಇಲ್ಲವೆಂದು ತಲೆಯಾಡಿಸಿದ.

"ಕಾರ್ಡು ಇ... ಇಲ್ಲ ಸಾರ್. ಕೊ... ಕೊಟ್ಬಿಟ್ಟೆ."

"ಯಾರಿಗೆ?"

"ಛತ್ರದ ಹೊರಗೆ ಇ... ಇಬ್ಬರು ಅಕ್ಕತಂಗೀರು ಇದ್ರು. ಆ... ಆಸೆಯಿಂದ ನೋಡ್ತಿದ್ರು. ಅ... ಅವರಿಗೆ."

ಆರು ವರ್ಷದ ಕಟ್ಟು.

"ನನ್ನ ಕಾರ್ಡು ಕೊಡ್ತೀನಿ," ಎಂದಳು ನಾಗವೇಣಿ. "ಎಲ್ಲವನ್ನೂ ಕೊಡ್ತೀನಿ. ನೀವು ಬನ್ನಿ, ಸಾಕು."

ಮಾದೇಶ ಮಾತಾಡಿದ. ಬಹಳ ಸಮಯ ಹಿಡಿಯಿತು. ಯಾರೂ ನಡುವೆ ಬಾಯಿ ಹಾಕಲಿಲ್ಲ.

"ಅಂಗಡೀಲಿ ಮಾ... ಮಾತಾಡಬೇಕು. ಬಸ್ಸಲ್ಲಿ ಮಾತಾಡಬೇಕು. ನೆಂಟರ ಮ... ಮನೇಲಿ ಮಾತಾಡಬೇಕು. ಆ ಮೇ... ಮೇಜಿನ ಮುಂದೆ ಮಾತ್ರ ನಾನೂ ಎಲ್ಲರ ಹಾ... ಹಾಗೇ ಇದ್ದೆ ಮೇಡಂ. ಇ... ಇನ್ನು ಅಲ್ಲಿ ಕೂತ್ರೆ ನಿನ್ನೇದೇ ನೆ... ನೆನಪಾಗುತ್ತೆ."

ಟೀ ಬಂತು. ಕುಡಿದರು. ಮಾದೇಶ ಲೋಟಗಳನ್ನು ಎತ್ತಿಟ್ಟು, ಇಬ್ಬರನ್ನೂ ಬೀದಿ ತಿರುವಿನವರೆಗೆ ಬಿಟ್ಟು ಹೋದ. ಅವರು ಬಸ್ ನಿಲ್ದಾಣ ಮುಟ್ಟುವವರೆಗೂ ಮೇಷ್ಟ್ರ ಕಣ್ಣು ಒದ್ದೆಯಾಗಿಯೇ ಇತ್ತು.

ಆ ವಾರವೇ ಮೇಷ್ಟ್ರು ನಿಯಮ ತಿದ್ದುವವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಮತ್ತೆ ಬರೆದರು. ಮೂರನೆಯ ಪತ್ರವನ್ನು ನಾಗವೇಣಿ ಬರೆದಳು. ಅದರಲ್ಲಿ ಮಾದೇಶನ ವಿಷಯವೆಲ್ಲ ಇತ್ತು. ತನ್ನ ಹೆಸರನ್ನೂ ತನ್ನ ತಪ್ಪನ್ನೂ ಮುಚ್ಚಿಡದೆ ಬರೆದಿದ್ದಳು.

ನಾಲ್ಕು ತಿಂಗಳಾದ ಮೇಲೆ ಹೊಸ ಹಾಳೆ ಬಂತು. ಹನ್ನೆರಡನೆಯ ನಿಯಮ ಬದಲಾಗಿತ್ತು. ಮಾತು, ಸನ್ನೆ, ಬರಹ, ಯಾವುದಾದರೂ ಸರಿ. ಆಟಗಾರ ಹೇಳಿ ಮುಗಿಸುವವರೆಗೆ ಎದುರಾಳಿ ಕಾರ್ಡು ಮುಟ್ಟುವಂತಿಲ್ಲ. ತೀರ್ಪುಗಾರರು ಕಾಯಲೇಬೇಕು.

ನಾಗವೇಣಿ ಆ ಹಾಳೆಯನ್ನು ಕೊಳ್ಳೇಗಾಲಕ್ಕೆ ಅಂಚೆಯಲ್ಲಿ ಕಳಿಸಿದಳು. ಜೊತೆಗೆ ತನ್ನ ಕಾರ್ಡುಗಳಲ್ಲಿ ಒಳ್ಳೆಯವನ್ನು ಆರಿಸಿ ಒಂದು ಕಟ್ಟು ಮಾಡಿ ಇಟ್ಟಳು.

ಕಟ್ಟು ಹಾಗೇ ವಾಪಸು ಬಂತು. ಒಳಗೆ ಒಂದು ಚೀಟಿ. ದುಂಡು ಅಕ್ಷರ.

'ಒಳ್ಳೇದಾಯ್ತು ಮೇಡಂ. ಇನ್ನೊಬ್ಬರಿಗೆ ಆಗುತ್ತೆ.'

ಮುಂದಿನ ಪಂದ್ಯಾವಳಿಯೂ ಮೈಸೂರಿನಲ್ಲೇ ನಡೆಯಿತು. ಆ ಸಲ ಮೇಷ್ಟ್ರೂ ಬಂದರು. ಕೋಲೂರಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತರು.

ಹೆಸರು ಬರೆಸುವ ಹೊತ್ತು ಮುಗಿಯಿತು. ಪಟ್ಟಿಯಲ್ಲಿ ಮಾದೇಶನ ಹೆಸರಿರಲಿಲ್ಲ. ನಾಗವೇಣಿ ಹತ್ತು ನಿಮಿಷ ಹೆಚ್ಚಿಗೆ ಕಾದಳು. ಆಮೇಲೆ ಆಟ ಶುರು ಮಾಡಿಸಿದಳು.

ಆಟ ನಡೆಯುತ್ತಿದ್ದರೂ ಅವಳ ಕಣ್ಣು ಬಾಗಿಲ ಕಡೆಗೇ ಇತ್ತು. ಇಸ್ತ್ರಿ ಅಂಗಿಯವರು ಯಾರು ಬಂದರೂ ಎರಡು ಹೆಜ್ಜೆ ಮುಂದೆ ಹೋಗುತ್ತಿದ್ದಳು. ಹತ್ತಿರ ಬಂದರೆ ಬೇರೆ ಯಾರೋ.

ಅವಳು ಮೇಷ್ಟ್ರ ಬಳಿಗೆ ಹೋಗಿ ನಿಂತಳು.

"ನಿಯಮ ಸರಿಹೋಯ್ತು ಮೇಷ್ಟ್ರೇ. ಎಲ್ಲರಿಗೂ ಅನುಕೂಲ ಆಯ್ತು. ಯಾರಿಗೆ ಅನ್ಯಾಯ ಆಯ್ತೋ ಅವರೊಬ್ಬರನ್ನು ಬಿಟ್ಟು."

ಮೇಷ್ಟ್ರು ಹೌದೆಂಬಂತೆ ತಲೆದೂಗಿದರು.

"ಇನ್ನು ಯಾವ ಮುಖ ಇಟ್ಟುಕೊಂಡು ನಾನು ತೀರ್ಪು ಕೊಡಲಿ? ಅವರು ಒಂದು ಸಲ ಬಂದು ಕೂತು ಆಡಿದರೆ ಸಾಕು ಅನ್ಸುತ್ತೆ. ಬರ್ತಾರಾ ಮೇಷ್ಟ್ರೇ? ಎಂದಾದರೂ?"

ಮೇಷ್ಟ್ರು ಅವಳ ಮುಖ ನೋಡಿದರು. ಅವಳ ಭುಜದಾಚೆ, ಕಿಟಕಿಯ ಪಕ್ಕದ ಮೇಜಿನಲ್ಲಿ, ವಯಸ್ಸಾದ ಹೆಂಗಸೊಬ್ಬರು ಕೈ ಎತ್ತಿಕೊಂಡು ಕೂತಿದ್ದರು. ಎತ್ತಿದ ಕೈ ಸೋತು ಅರ್ಧಕ್ಕೆ ಇಳಿದಿತ್ತು.

"ಬಾರದವನ ದಾರಿ ಕಾಯ್ತಾ, ಬಂದವರನ್ನು ಕಾಯಿಸಬೇಡ. ಹೋಗು."