ಹೆಗ್ಗಣದ ಮುಳ್ಳು, ಹುಂಜದ ನೆಗೆತ

ನಮ್ಮ ಗದ್ದೆಯ ಏಡಿಯೆಂದರೆ ಅಂತಿಂಥದ್ದಲ್ಲ, ಒಮ್ಮೆ ಉಳುವ ಎತ್ತನ್ನೇ ಬಾಲ ಹಿಡಿದು ನಿಲ್ಲಿಸಿತ್ತು. ನಂಬದವರು ಎತ್ತನ್ನೇ ಕೇಳಿ. ಅಂಥ ಏಡಿಯ ಬಿಲಕ್ಕೆ ಹೆಗ್ಗಣವೊಂದು ನುಗ್ಗಿ, ಬಾಗಿಲ ತುಂಬ ಜಾಲಿಮುಳ್ಳು ತುರುಕಿ ಕೂತಿತು. ಏಡಿ ಒಂದೊಂದೇ ಮುಳ್ಳನ್ನು ಕಿತ್ತೆಸೆಯುತ್ತ ಒಳಗೆ ಸಾಗತೊಡಗಿತು.

ಆಚೆ ಊರಿನ ಹುಂಜ ಅದಕ್ಕೆ ದಿನಾ ನುಚ್ಚು ತಂದುಕೊಡುತ್ತಿತ್ತು. ಒಂದು ಮಧ್ಯಾಹ್ನ ಬದುವಿನ ಮೇಲೆ ನಿಂತು ರೇಗಿತು: “ಏನಯ್ಯಾ ಏಡಿ, ತಿಂದ ನುಚ್ಚೆಲ್ಲ ಎಲ್ಲಿ ಹೋಯಿತು? ಇನ್ನೂ ಬಾಗಿಲಲ್ಲೇ ಇದ್ದೀಯ! ನಾನಾಗಿದ್ದರೆ ಒಂದೇ ನೆಗೆತಕ್ಕೆ ಹೆಗ್ಗಣದ ಕುತ್ತಿಗೆ ಹಿಡಿಯುತ್ತಿದ್ದೆ.”

“ನಿಮ್ಮ ಉಪಕಾರ ದೊಡ್ಡದು, ಹುಂಜಪ್ಪನವರೇ. ಬನ್ನಿ, ಆ ನೆಗೆತವನ್ನೂ ತೋರಿಸಿಬಿಡಿ,” ಎಂದು ಏಡಿ ಪಕ್ಕಕ್ಕೆ ಸರಿಯಿತು.

ಹುಂಜ ನೆಗೆಯಿತು. ಮುಳ್ಳು ಅಂಗಾಲಿಗೆ ಇಳಿಯಿತು. ಅದು ಕೂಗಿದ ಕೂಗಿಗೆ ಮೂರೂರಿನ ಜನ ಬೆಳಗಾಯಿತೆಂದು ಮತ್ತೊಮ್ಮೆ ಹಲ್ಲುಜ್ಜಿದರು. ಬಿಲದೊಳಗೆ ಹೆಗ್ಗಣ ಬಿದ್ದು ಬಿದ್ದು ನಕ್ಕಿತು.

ಏಡಿ ಕೊಂಡಿ ಚಾಚಿ ಹುಂಜದ ಕಾಲಿನ ಮುಳ್ಳನ್ನು ಹಿಡಿಯಿತು.

“ಮೆಲ್ಲಗೆ ಮಾರಾಯ, ಮೆಲ್ಲಗೆ!”

“ಮೆಲ್ಲಗೇ ಕೀಳುತ್ತಿದ್ದೇನೆ ಸ್ವಾಮಿ, ಅಂದಿನಿಂದಲೂ. ನಾಳೆ ನುಚ್ಚು ತಂದರೆ ಸಂತೋಷ, ತರದಿದ್ದರೂ ಮನೆ ನನ್ನದೇ,” ಎಂದ ಏಡಿ, ಆ ಮುಳ್ಳನ್ನೂ ರಾಶಿಗೆಸೆದು ಬಿಲದತ್ತ ತಿರುಗಿತು: “ನಗು ಹೆಗ್ಗಣವೇ, ನಗು! ನಿನ್ನ ಬಾಗಿಲಲ್ಲಿ ಇನ್ನೂ ಒಂದು ಮುಳ್ಳು ಕಡಿಮೆಯಾಯಿತು.”