ಕಹಿಬುತ್ತಿ

ಭರಮಣ್ಣ ಹಿಟ್ಟನ್ನು ಬಾಯಿಗೆ ಹಾಕಿಕೊಂಡ. ಉಗಿದ.

"ಅಜ್ಜಾ, ಇದನ್ನು ಮನುಷ್ಯರು ತಿನ್ನುತ್ತಾರೆಯೇ?"

ಗುರುಗಳು ಅದೇ ಹಿಟ್ಟಿನ ಒಂದು ಚಿಟಿಕೆಯನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ್ದರು.

"ಸರಿಯಾಗಿದೆ," ಎಂದರು. "ಇದೇ ಅಳತೆಯಲ್ಲಿ ಉಳಿದದ್ದಕ್ಕೂ ನೆಲಬೇವಿನ ಪುಡಿ ಬೆರೆಸು. ಚೀಲ ತುಂಬು."

ಹೊಳೆಯ ಆಚೆ ದಳ ಬೀಡು ಬಿಟ್ಟಿತ್ತು. ಬೆಟ್ಟದಾಚೆಯ ಕೋಟೆಗೆ ಹೊರಟ ದಳ. ಅಕ್ಕಿ, ಬೇಳೆ ಎತ್ತುಗಳ ಮೇಲೆ ಹಿಂದಿನಿಂದ ಬರುತ್ತವೆ. ಎತ್ತು ಬಾರದ ದಿನಕ್ಕೆಂದು ಒಬ್ಬೊಬ್ಬನ ಸೊಂಟಕ್ಕೂ ಹುರಿಹಿಟ್ಟಿನ ಒಂದು ಚೀಲ. ಅದನ್ನು ಮಾಡಿಕೊಡುವುದು ಆಶ್ರಮದ ಕೆಲಸ.

ದಳ ಬಂದಂದಿನಿಂದ ಗುರುಗಳು ಉಂಡಿರಲಿಲ್ಲ. ಪ್ರತಿ ಸಲವೂ ಹಾಗೆಯೇ.

"ಇದು ಯಾವ ವ್ರತ, ಅಜ್ಜಾ?"

"ವ್ರತವಲ್ಲ. ಕೆಲಸ."

ಅಷ್ಟು ಹೇಳಿ ಸ್ನಾನಕ್ಕೆ ಇಳಿದರು.

ಭರಮಣ್ಣನ ತಮ್ಮ ಕೆಂಚ ಆ ದಳದಲ್ಲಿದ್ದ. ಚೀಲ ಒಯ್ಯಲು ಅವನೇ ಬಂದ. ಅವನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಅವನೂ ಉಗಿದ.

"ಅಣ್ಣಾ, ಇದು ನನಗೋ, ನನ್ನ ಕುದುರೆಗೋ?"

"ನಿನಗೆಲ್ಲಿದೆಯೋ ಕುದುರೆ?"

"ಅದಕ್ಕೇ ಕೇಳಿದೆ. ಕುದುರೆಯೂ ಇಲ್ಲ. ಮತ್ತೆ ತಿನ್ನೋರು ಯಾರು?"

ಇಬ್ಬರೂ ನಕ್ಕರು. ಕೆಂಚನಿಗೆ ಇನ್ನೂ ಮೀಸೆ ದಟ್ಟವಾಗಿರಲಿಲ್ಲ. ಚಿಕ್ಕಂದಿನಲ್ಲಿ ಬೆಲ್ಲವಿಲ್ಲದೆ ಅವನ ಗಂಟಲಲ್ಲಿ ರೊಟ್ಟಿ ಇಳಿಯುತ್ತಿರಲಿಲ್ಲ.

ಭರಮಣ್ಣ ಆಗಷ್ಟೇ ಉಂಡಿದ್ದ. ಹೊಟ್ಟೆ ತಣ್ಣಗಿತ್ತು. ಕರುಣೆ ಬಂತು.

ನೆಲಬೇವಿನ ಪುಡಿಯನ್ನು ಗೂಡಿನೊಳಗೆ ಸರಿಸಿದ. ಬೆಲ್ಲ ಕುಟ್ಟಿ ಬೆರೆಸಿದ. ಏಲಕ್ಕಿಯನ್ನೂ ಹಾಕಿದ. ಗುರುಗಳು ಮೇಲೆ ಬರುವಷ್ಟರಲ್ಲಿ ಚೀಲಗಳ ಬಾಯಿ ಕಟ್ಟಿ ಆಗಿತ್ತು.

ಬೆಳಿಗ್ಗೆ ದಳ ಮಂಜಿನೊಳಗೆ ಹೋಯಿತು. ಮೊದಲು ಕಾಲುಗಳು ಕಾಣದಾದವು. ಆಮೇಲೆ ಈಟಿಗಳು. ಹೆಜ್ಜೆಯ ಸದ್ದು ಸ್ವಲ್ಪ ಹೊತ್ತು ದಂಡೆಯ ಮೇಲೆ ಉಳಿಯಿತು. ಅದೂ ಹೊಳೆಯ ಸದ್ದಾಯಿತು.

ಮಂಜು ಬಿಡಲಿಲ್ಲ.

ಎಷ್ಟೋ ದಿನದ ಮೇಲೆ ಅದರೊಳಗಿಂದ ಒಬ್ಬ ಸೈನಿಕ ಇಳಿದು ಬಂದ. ಗೋಡೆ ಹಿಡಿದು ಕೂತ. ಗಂಜಿ ಕುಡಿದ ಮೇಲೆ ಅವನಿಗೆ ಮಾತು ಬಂತು.

"ದಾರಿ ಕುಸಿದಿದೆ. ಎತ್ತುಗಳು ಬರಲಿಲ್ಲ. ದಳ ಬೆಟ್ಟದ ನೆತ್ತಿಯಲ್ಲಿ ಸಿಕ್ಕಿಬಿದ್ದಿದೆ. ಈ ಮಂಜಿನಲ್ಲಿ ಇಳಿದರೆ ಕಮರಿಗೇ. ನಾನು ಕುರಿ ಕಾಯ್ದವನು, ಕಾಲೇ ದಾರಿ ಹಿಡಿಯಿತು."

"ಚೀಲ?" ಗುರುಗಳು ಕೇಳಿದರು.

ಸೈನಿಕ ನಗಲು ಹೋದ. ಆಗಲಿಲ್ಲ.

"ಮೊದಲ ಸಂಜೆಯೇ ಮುಗಿಯಿತು, ಸ್ವಾಮಿ. ಬರೇ ವಾಸನೆ ನೋಡೋಣ ಅಂತ ಒಬ್ಬ ಬಿಚ್ಚಿದ. ಆಮೇಲೆ ಎಲ್ಲರೂ ಬಿಚ್ಚಿದರು. ನಿಮ್ಮ ಬೆಲ್ಲದ ಮೇಲೆ ನಮ್ಮ ದಳದ ದ್ಯಾಮಣ್ಣ ಪದ ಕಟ್ಟಿ ಹಾಡಿದ. ಅಂಥ ಹಿಟ್ಟನ್ನು ನಾವು ಹುಟ್ಟಿದ ಮೇಲೆ ತಿಂದಿರಲಿಲ್ಲ."

"ಬೆಲ್ಲ," ಎಂದರು ಗುರುಗಳು.

ಭರಮಣ್ಣ ಅವರ ಕಾಲಿಗೆ ಬಿದ್ದ. "ನಾನೇ, ಅಜ್ಜಾ."

"ಏಳು. ಅವರಿಗೆ ನಿನ್ನ ಹಣೆ ಬೇಡ. ಹಿಟ್ಟು ಬೇಕು."

ಭರಮಣ್ಣ ಎದ್ದ. ಸೈನಿಕನ ಕಡೆ ತಿರುಗಿದ.

"ನನ್ನ ತಮ್ಮ ಕೆಂಚ?"

"ನಾನು ಹೊರಟಾಗ ಮಲಗಿದ್ದ. ಕರೆದರೆ ಓಗೊಡುತ್ತಿದ್ದ."

ಒಲೆ ಹೊತ್ತಿಸಿದರು. ಹುರಿದರು. ಬೀಸಿದರು. ಗುರುಗಳು ಎರಡು ಮೂಟೆ ಕಟ್ಟಿದರು. ನೆಲಬೇವಿನ ಪುಡಿಯನ್ನು ಬೇರೆ ಬಟ್ಟೆಯಲ್ಲಿ ಗಂಟು ಹಾಕಿ ಭರಮಣ್ಣನ ಕೈಗಿಟ್ಟರು.

"ಎಲ್ಲರಿಗೂ ಮೊದಲು ಒಂದು ಹಿಡಿ ಹಾಗೆಯೇ ಕೊಡು. ಉಳಿದದ್ದು ಮಂಜು ಬಿಡುವ ತನಕ ಬರಬೇಕು. ಅದಕ್ಕೆ ಕಹಿ ಬೆರೆಸು."

"ಎಷ್ಟು?"

"ನಿನ್ನ ನಾಲಿಗೆ ಹೇಳುತ್ತದೆ."

"ಕೆಡಿಸಿದ್ದೇ ಈ ನಾಲಿಗೆ, ಅಜ್ಜಾ."

"ಅದು ಉಂಡ ನಾಲಿಗೆ. ದಾರಿಯಲ್ಲಿ ಏನೂ ತಿನ್ನಬೇಡ. ನೀರು ಕುಡಿ."

ಹತ್ತಿದರು. ಮುಂದೆ ಸೈನಿಕ, ಹಿಂದೆ ಭರಮಣ್ಣ.

ಮೊದಲು ಹೊಟ್ಟೆ ಕೂಗಿತು. ಆಮೇಲೆ ಸುಮ್ಮನಾಯಿತು. ಆಮೇಲೆ ಬೆಟ್ಟವೇ ಹಗುರಾಯಿತು.

ಮರಗಳು ಮಂಜಿನಿಂದ ಹೊರಗೆ ಬಂದು, ಅವನ ಮುಖ ನೋಡಿ, ಹಿಂದಕ್ಕೆ ಹೋದವು. ಹೊಳೆ ಎಲ್ಲೋ ತಲೆಯ ಮೇಲೆ ಹರಿಯುತ್ತಿತ್ತು. ಅವ್ವ ರೊಟ್ಟಿ ತಟ್ಟುವ ಸದ್ದು ಕೇಳಿಸಿತು. ನಿಂತು ಆಲಿಸಿದ. ತನ್ನದೇ ಎದೆ.

"ನಿದ್ದೆಯೋ, ಅಣ್ಣಾ?" ಸೈನಿಕ ಕೇಳಿದ.

"ನಡೆಯುತ್ತಿದ್ದೇನಲ್ಲ."

"ಅದು ಕಾಣುತ್ತಿದೆ. ಎಚ್ಚರ ಇದೆಯೋ ಅಂತ ಕೇಳಿದೆ."

ಬೆನ್ನ ಮೇಲಿನ ಹಿಟ್ಟು ಬಿಸಿ ಬಿಸಿಯಾಗಿ ಪರಿಮಳಿಸುತ್ತಿತ್ತು. ಮೂಟೆಯ ಹೊಲಿಗೆಯಿಂದ ಒಂದಿಷ್ಟು ಅವನ ಭುಜದ ಮೇಲೆ ಸುರಿಯಿತು. ಅವನು ಮುಖ ತಿರುಗಿಸಿಕೊಂಡು ನಡೆದ.

ನೆತ್ತಿಯಲ್ಲಿ ಕಂಬಳಿ ಹೊದ್ದ ಕಲ್ಲುಗಳಿದ್ದವು. ಹತ್ತಿರ ಹೋದಾಗ ಕಲ್ಲುಗಳು ಕಣ್ಣು ಬಿಟ್ಟವು. ಒಂದು ಮಾತ್ರ ಬಿಡಲಿಲ್ಲ.

ಹಿಟ್ಟನ್ನು ನೀರಿಗೆ ಕದಡಿ ಎಲ್ಲರಿಗೂ ಕುಡಿಸಿದರು. ಕೆಂಚನಿಗೆ ಭರಮಣ್ಣ ಬೆರಳಿನಿಂದ ನೆಕ್ಕಿಸಿದ. ಬಹಳ ಹೊತ್ತು ಹಿಟ್ಟು ತುಟಿಯ ಮೇಲೇ ಇತ್ತು. ಕೊನೆಗೆ ಗಂಟಲು ಅಲುಗಿತು.

ಆಮೇಲೆ ಉಳಿದ ಹಿಟ್ಟಿನ ಮುಂದೆ ಕೂತು, ಪುಡಿಯ ಗಂಟು ಬಿಚ್ಚಿದ.

ಹೊಳೆಯ ದಂಡೆಯಲ್ಲಿ ಗುರುಗಳು ಹೇಳಿದ್ದ ಅಳತೆಗೇ ಬೆರೆಸಿ ಬಾಯಿಗಿಟ್ಟ. ಕಹಿ ಎಲ್ಲೋ ದೂರದಲ್ಲಿತ್ತು, ಆಚೆ ದಡದಲ್ಲಿ ಯಾರೋ ಕೂಗಿದ ಹಾಗೆ. ಅದರ ಈಚೆಗೆ ಬರೇ ಧಾನ್ಯ. ಕಣ್ಣು ತಾನಾಗಿ ಮುಚ್ಚಿತು.

ಒಂದು ಹಿಡಿಯನ್ನು ನಾಲಿಗೆ ತಿಂದಿತು. ಎರಡನೆಯದಕ್ಕೆ ಕಹಿ ಈಚೆ ದಡಕ್ಕೆ ಬಂತು; ನಾಲಿಗೆ ಬೇಡವೆಂದಿತು.

ಅದೇ ಅಳತೆಯಲ್ಲಿ ಎಲ್ಲರ ಚೀಲ ತುಂಬಿದ.

ಮರುದಿನ ಕೆಂಚ ಎದ್ದು ಕೂತು ಒಂದು ಹಿಡಿ ತಿಂದ. ಮುಖ ಕಿವುಚಿದ.

"ಅಣ್ಣಾ, ನಿನ್ನ ಕೈ ಸೇದಿಹೋಗಲಿ! ಬೆಲ್ಲ ಎಲ್ಲಿ?"

ಎಲ್ಲರೂ ಬೈದರು. ದಿನವೂ ಬೈದರು. ಬೈದು, ಚೀಲದ ಬಾಯಿ ಕಟ್ಟಿದರು.

ಒಂದು ಬೆಳಿಗ್ಗೆ ಮಂಜು ಬಿಟ್ಟಿತು. ದಳ ಇಳಿದು ಬಂತು. ಗುರುಗಳು ದಂಡೆಯಲ್ಲಿ ನಿಂತಿದ್ದರು.

"ಎಲ್ಲರೂ ಬಂದರೇ?"

"ದ್ಯಾಮಣ್ಣ ಬರಲಿಲ್ಲ, ಅಜ್ಜಾ. ನಾನು ತಲುಪುವ ಮುಂಚೆಯೇ ಹೋಗಿದ್ದ."

ಗುರುಗಳು ಬೆಟ್ಟದ ಕಡೆ ನೋಡಿದರು. ಭರಮಣ್ಣ ತಲೆ ಎತ್ತಲಿಲ್ಲ.

"ಇನ್ನು ಈ ಜನ್ಮದಲ್ಲಿ ನಾನು ಹಿಟ್ಟು ಮುಟ್ಟುವುದಿಲ್ಲ."

"ಮುಂದಿನ ದಳಕ್ಕೆ," ಎಂದರು ಗುರುಗಳು, "ರುಚಿ ನೀನೇ ನೋಡು."