ಎಡಗಡೆಯ ಗಾಲಿ ಕೂಗಿದ್ದು

ಮಂಗಳವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಹೊಳೆದಂಡೆಯ ಮಠದ ಮುಂದೆ ಒಂದು ಬಿಳಿ ಕಾರಿನ ಎಡಗಡೆಯ ಮುಂದಿನ ಗಾಲಿ ‘ಕೀಂಚ್’ ಎಂದಿತು. ಯಾರಿಗೂ ಗಾಯವಾಗಲಿಲ್ಲ. ಮಠದ ಆಕಳು ಮೇವು ಬಿಟ್ಟು ಒಮ್ಮೆ ತಲೆಯೆತ್ತಿ ನೋಡಿತು.

ಕಾರು ದಾನಮ್ಮನದು, ಶೋರೂಮಿನಲ್ಲಿ ಕೊಂಡ ಹಳೆಯದು. ಮೂವತ್ತಾರು ವರ್ಷ ಮಕ್ಕಳಿಗೆ ಕಲಿಸಿ ನಿವೃತ್ತಳಾದ ಮೇಲೆ ಅವಳು ಎರಡು ಹೊಸ ಕೆಲಸಕ್ಕೆ ಕೈಹಾಕಿದ್ದಳು. ಮಠದ ಅಜ್ಜಾರ ಶಿಷ್ಯೆಯಾದಳು. ಕಾರು ನಡೆಸಲು ಕಲಿತಳು. ಯಾವುದು ಕಷ್ಟವೆಂದು ಯಾರಿಗೂ ಹೇಳಿರಲಿಲ್ಲ.

ಊರಿನ ಶಾಲೆ ಐದನೆಯ ತರಗತಿಗೆ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ಏಳು ಕಿಲೋಮೀಟರ್ ಹೋಗಬೇಕು. ನಡುವೆ ಕಾಲುವೆ, ಎರಡೂ ಬದಿಗೆ ಕಬ್ಬು. ಬಸ್ಸಿಲ್ಲ. ಆರು ಮಕ್ಕಳನ್ನು ದಾನಮ್ಮ ದಿನಾ ತನ್ನ ಕಾರಿನಲ್ಲಿ ಒಯ್ದು ಬಿಡುತ್ತಿದ್ದಳು.

ಕಾರು ಐದು ಮಂದಿಗೆಂದು ಮಾಡಿದ್ದು. ಮಕ್ಕಳು ತೆಳ್ಳಗಿದ್ದುದರಿಂದ ಕಾರಿಗೆ ಇದು ತಿಳಿದಿರಲಿಲ್ಲ.

“ಅಜ್ಜಾರ, ಬ್ರೇಕ್ ಒತ್ತಿದ್ರ ಗಾಲಿ ಕೂಗತೈತ್ರಿ,” ಎಂದಳು ದಾನಮ್ಮ.

“ಯಾರಿಗೆ ಹೇಳಬೇಕೋ ಅವರಿಗೆ ಹೇಳವ್ವ.”

“ಯಾರಿಗೆ ಹೇಳ್ಲಿ?”

“ಗಾಡಿ ಮಾರಿದವರಿಗೆ,” ಎಂದರು ಅಜ್ಜಾರು. “ನಾ ಗಾಡಿ ಮಾರಿಲ್ಲ.”

ಶೋರೂಮಿನಲ್ಲಿ ಕೊರಳಿಗೆ ಟೈ ಕಟ್ಟಿಕೊಂಡ ಸರ್ವಿಸ್ ಅಡ್ವೈಸರ್ ಇದ್ದ. ಹೆಸರು ಪ್ರಜ್ವಲ್. ಅವನು ಕಾರನ್ನು ಊರ ಹೊರಗಿನವರೆಗೆ ಓಡಿಸಿದ. ದಾನಮ್ಮ ಪಕ್ಕದಲ್ಲಿ ಕೂತಿದ್ದಳು. ಹದಿನಾಲ್ಕು ಸಲ ಬ್ರೇಕ್ ಒತ್ತಿದ. ಕಾರು ಒಳ್ಳೆಯ ಮನೆತನದ ಸೊಸೆಯಂತೆ ಸುಮ್ಮನಿತ್ತು.

“ಮೇಡಂ, ಸದ್ದು ಬಂದರೆ ಸರಿ ಮಾಡಬಹುದು. ಬರದೇ ಇದ್ದರೆ ಏನಂತ ಸರಿ ಮಾಡೋದು?”

“ಇವತ್ತ ಮುಂಜಾನೆ ಬಂದಿತ್ತಪಾ.”

“ಇಲ್ಲಿಗೆ ತಂದ ಮೇಲೆ ಬರೋದಿಲ್ಲ ಮೇಡಂ. ಎಲ್ಲರ ಗಾಡೀನೂ ಹಾಗೇ.”

ಗಾಲಿ ಬಿಚ್ಚಿ ನೋಡಲಿಲ್ಲ. ಕೊಟ್ಟ ಚೀಟಿಯಲ್ಲಿ ಎರಡು ಸಾಲಿದ್ದವು. ಸದ್ದು ಕಂಡುಬಂದಿಲ್ಲ. ಗಾಡಿ ತೊಳೆಯಲಾಗಿದೆ.

ಮರಳಿ ಬರುವಾಗ, ಕಾಲುವೆ ದಾಟಿದ ಮೇಲೆ ಗಾಲಿ ಕೂಗಿತು.

ದಾನಮ್ಮನ ಕಾಲು ಬ್ರೇಕಿನ ಮೇಲಿರಲಿಲ್ಲ.

ಅವಳು ಬೆಚ್ಚಿ ಕಾರು ನಿಲ್ಲಿಸಿದಳು. ಎರಡು ಉಸಿರು ಎಳೆಯುವಷ್ಟು ಹೊತ್ತು. ಆಮೇಲೆ ಕಬ್ಬಿನೊಳಗಿನಿಂದ ಒಂದು ಎಮ್ಮೆಕರು ಕಾರಿನ ಮುಂದಕ್ಕೆ ಬಂದು ನಿಂತು, ಅವಳನ್ನು ನೋಡಿ, ದಾಟಿ ಹೋಯಿತು.

ಮರುದಿನ ಮಕ್ಕಳಿದ್ದಾಗ ಕೂಗಿತು. ನಿಲ್ಲಿಸಿದಳು. ಸೈಕಲ್ಲಿನ ಮೇಲೆ ಹುಲ್ಲಿನ ಹೊರೆ ಹೇರಿಕೊಂಡ ಮುದುಕ ಬಂದ. ಅದರ ಮರುದಿನ ಬೇರೆ ಕಡೆ ಕೂಗಿತು. ಹಾವು.

ಶುಕ್ರವಾರ ಕೂಗಿದಾಗ ಏನೂ ಬರಲಿಲ್ಲ. ದಾನಮ್ಮ ಎಂಜಿನ್ ಆರಿಸಿ ಕಾದಳು. ಮಕ್ಕಳು ಉಸಿರು ಬಿಗಿಹಿಡಿದು ಕೂತರು. ನಿಂತ ಕಾರಿನ ಗಾಲಿ ಇನ್ನೊಮ್ಮೆ ಕೂಗಿತು, ಮೆಲ್ಲಗೆ.

ಸ್ವಲ್ಪ ಹೊತ್ತಿಗೆ ಕುರಿಗಳು ಬಂದವು. ಇನ್ನೂರಾದರೂ ಇದ್ದಿರಬೇಕು. ಒಂದೂ ಬ್ಯಾ ಎನ್ನಲಿಲ್ಲ. ಹಿಂದೆ ಕುರುಬನಿರಲಿಲ್ಲ.

ಊರಿಗೆ ಸುದ್ದಿ ಮುಟ್ಟಲು ಮಧ್ಯಾಹ್ನದವರೆಗೂ ಬೇಕಾಗಲಿಲ್ಲ. ಆರು ಮಕ್ಕಳಲ್ಲಿ ಒಬ್ಬಳಾದ ಕಸ್ತೂರಿಯ ಅಪ್ಪ ಯಮನಪ್ಪ ನಿಂಬೆಹಣ್ಣು, ಮೆಣಸಿನಕಾಯಿ ತಂದು ಎಡಗಾಲಿಯ ಮೇಲ್ಗಡೆ ಕಟ್ಟಿದ. ಬಲಗಾಲಿಗೆ ಕಟ್ಟಲಿಲ್ಲ.

“ಅಕ್ಕೋರ, ಇನ್ನ ಆ ಶೋರೂಮಿಗೆ ಒಯ್ಯಬ್ಯಾಡ್ರಿ.”

“ಯಾಕೋ?”

“ರಿಪೇರಿ ಮಾಡಿಬಿಟ್ಟಾರು.”

ದಾನಮ್ಮನಿಗೂ ಅದೇ ಸರಿ ಅನ್ನಿಸಿತು. ಹೆತ್ತವರಿಂದ ಆರು ಮಕ್ಕಳನ್ನು ಕೈಗೆ ತೆಗೆದುಕೊಳ್ಳುವಾಗ ಪ್ರತಿ ಮುಂಜಾನೆ ಅವಳು ಅಂಜಿ ಎರಡೆರಡು ಸಲ ತಲೆ ಎಣಿಸುತ್ತಿದ್ದಳು. ಈಗ ಎಣಿಸುತ್ತಿರಲಿಲ್ಲ.

ಕ್ರಮೇಣ ಅವಳು ಕಿವಿಯಿಂದ ಕಾರು ನಡೆಸತೊಡಗಿದಳು. ತಿರುವಿನಲ್ಲಿ ಹಾರ್ನ್ ಹಾಕುವುದನ್ನು ಬಿಟ್ಟಳು, ಹಾರ್ನ್ ಹಾಕಿದರೆ ಸದ್ದು ಕೇಳಿಸದೆ ಹೋದೀತು. ಕನ್ನಡಿ ನೋಡುವುದು ನಿಂತಿತು. ಕಾರಿನಲ್ಲಿ ಮಾತಾಡಬೇಡಿ ಎಂದು ಮಕ್ಕಳಿಗೆ ಹೇಳಿದಳು. ಏಳು ಮಂದಿ ಒಂದು ಮಾತಿಲ್ಲದೆ, ತಲೆ ಎಡಕ್ಕೆ ವಾಲಿಸಿಕೊಂಡು, ಕಬ್ಬಿನ ನಡುವೆ ಹೋಗುತ್ತಿದ್ದರು. ಎದುರು ಬಂದವರು ದಾರಿ ಬಿಡುತ್ತಿದ್ದರು.

ಮೂರನೆಯ ವಾರ ಅವಳು ಅಜ್ಜಾರ ಮುಂದೆ ಎಲ್ಲವನ್ನೂ ಹೇಳಿದಳು.

“ಎಷ್ಟ ಸಲ ಆತು?” ಎಂದರು ಅಜ್ಜಾರು.

“ಒಂಬತ್ತು ಸಲ್ರಿ. ಒಂದೂ ಸುಳ್ಳಾಗಿಲ್ಲ.”

“ಚೊಲೊ ಆತು.”

“ಅಜ್ಜಾರ, ಇದು ದೇವರ ದನಿ ಇರಬಹುದೇನ್ರಿ?”

ಅಜ್ಜಾರು ಎದ್ದು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡರು. “ನಡಿ, ಹೊಳಿಗೆ ಹೋಗೂಣು.”

“ನಡಕೋತ?”

“ನಿನ್ನ ಗಾಡ್ಯಾಗ.”

ಮಠದಿಂದ ಹೊಳೆ ಇನ್ನೂರು ಹೆಜ್ಜೆ. ಅಜ್ಜಾರು ಕಾರು ಹತ್ತಿದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಅವರು ಮುಂದಿನ ಸೀಟಿನಲ್ಲಿ ಕೂತು, ಸೀಟ್‌ಬೆಲ್ಟನ್ನು ಎರಡು ಸಲ ಎಳೆದು ನೋಡಿ, ಹಾಕಿಕೊಂಡರು.

ಎತ್ತು ತೊಳೆಯಲು ಇಳಿಸುವ ಇಳಿಜಾರು ನೇರ ನೀರಿಗೆ ಹೋಗುತ್ತಿತ್ತು.

“ಎಲ್ಲಿ ನಿಲ್ಲಸ್ಲಿ ಅಜ್ಜಾರ?”

“ನಿಲ್ಲಸೂ ಜಾಗಾದಾಗ.”

ಕಾರು ಇಳಿಯಿತು. ದಾನಮ್ಮ ತಲೆಯನ್ನು ಎಡಕ್ಕೆ ವಾಲಿಸಿದಳು. ಒಣ ಹುಲ್ಲು ಸರಿಯಿತು. ಕಲ್ಲು ಮುಗಿದು ಮರಳು ಬಂತು. ಗಾಲಿಯ ಕೆಳಗೆ ಮರಳು ಮೆತ್ತಗಾಯಿತು. ಅವಳು ಇನ್ನೂ ಕೇಳುತ್ತಿದ್ದಳು.

ಪಾದಕ್ಕೆ ತಣ್ಣಗಾದಾಗ ಬ್ರೇಕ್ ಒತ್ತಿದಳು.

ಎಂಜಿನ್ ಕೆಮ್ಮಿ ಆರಿತು. ನೀರು ಬಾಗಿಲ ಸಂದಿಯಿಂದ ಒಳಗೆ ಬಂದು ಅಜ್ಜಾರ ಕಾಲ ಸುತ್ತ ನಿಂತಿತು. ಅವರು ಧೋತರವನ್ನು ಮೊಳಕಾಲಿಗೆ ಎತ್ತಿಕೊಂಡರು.

“ಸದ್ದು ಬಂತೇನವ್ವ?”

“ಇಲ್ರಿ ಅಜ್ಜಾರ.”

“ಹೊಳಿ ಬಂತು,” ಎಂದರು ಅಜ್ಜಾರು.

ದಾನಮ್ಮ ಹಿಂದಿನ ಸೀಟಿಗೆ ತಿರುಗಿ ನೋಡಿದಳು. ಖಾಲಿ ಇತ್ತು. ಮುಂದೆ ನೋಡಿ, ಮತ್ತೊಮ್ಮೆ ತಿರುಗಿ ನೋಡಿದಳು.

ಯಮನಪ್ಪನ ಟ್ರ್ಯಾಕ್ಟರು ಕಾರನ್ನು ಎಳೆದು ದಂಡೆಗೆ ಹಾಕಿತು. ನಿಂಬೆಹಣ್ಣು ಹೊಳೆಯ ಪಾಲಾಗಿತ್ತು. ಶೋರೂಮಿನ ಲಾರಿ ಬಂದು ಕಾರನ್ನು ಹೇರಿಕೊಂಡು ಹೋಯಿತು. ಮಕ್ಕಳು ನಾಲ್ಕು ದಿನ ಶಾಲೆಗೆ ಹೋಗಲಿಲ್ಲ. ಅವರ ಪೈಕಿ ಇಬ್ಬರನ್ನು ಇನ್ನು ಮುಂದೆ ಕಬ್ಬಿನ ಕೆಲಸಕ್ಕೆ ಕಳಿಸುವ ಮಾತು ಮನೆಗಳಲ್ಲಿ ಎದ್ದಿತು.

ಈ ಸಲ ಗಾಲಿ ಬಿಚ್ಚಿದರು. ಪ್ರಜ್ವಲ್ ಮೇಜಿನ ಮೇಲೆ ಎರಡು ಬ್ರೇಕ್ ಪ್ಯಾಡ್ ಇಟ್ಟ. ಒಂದು ಹೊಸದು.

“ಇಲ್ಲಿ ನೋಡಿ ಮೇಡಂ. ಈ ಸಣ್ಣ ತಗಡು ಇದೆಯಲ್ಲ, ಪ್ಯಾಡ್ ಸವೆದಾಗ ಇದು ಗಾಲಿಯ ಜೊತೆ ತಿರುಗೋ ಡಿಸ್ಕಿಗೆ ತಾಗಿ ಕೂಗುತ್ತೆ. ಕೂಗಲಿ ಅಂತಲೇ ಇಟ್ಟಿರೋದು.”

“ಅಂದ್ರ ಇಷ್ಟ ದಿವಸ ಕೂಗಿದ್ದು ಇದಽ?”

ಪ್ರಜ್ವಲ್ ಹಳೆಯ ಪ್ಯಾಡನ್ನು ತಿರುಗಿಸಿ ತೋರಿಸಿದ. ತೆಳ್ಳಗೆ ಸವೆದಿತ್ತು. ತಗಡು ಇರಬೇಕಾದಲ್ಲಿ ಬೋಳಾಗಿತ್ತು.

“ನಿಮ್ಮ ಎಡಗಡೆ ಪ್ಯಾಡಿಗೆ ತಗಡೇ ಇಲ್ಲ ಮೇಡಂ. ಮೊದಲಿನ ಓನರ್ ಯಾರೋ ಅಗ್ಗದ ಪ್ಯಾಡ್ ಹಾಕಿಸಿದಾರೆ. ಕಬ್ಬಿಣಕ್ಕೆ ಕಬ್ಬಿಣ ತಾಗೋವಷ್ಟೂ ಸವೆದಿಲ್ಲ. ಇದರಿಂದ ಸದ್ದು ಬರೋ ದಾರೀನೇ ಇಲ್ಲ.”

“ಹಂಗಾರ ಕೂಗಿದ್ದು ಯಾವುದು?”

ಅವನು ಕೈಯಲ್ಲಿದ್ದ ಟ್ಯಾಬ್ ಮೇಲೆ ಬೆರಳಾಡಿಸಿ ಮೇಲಿನಿಂದ ಕೆಳಗೆ ನೋಡಿದ.

“ಅದಕ್ಕೆ ಇದರಲ್ಲಿ ಕಾಲಂ ಇಲ್ಲ ಮೇಡಂ.”

ನಾಲ್ಕೂ ಗಾಲಿಗೆ ಹೊಸ ಪ್ಯಾಡ್ ಬಿದ್ದವು. ಶನಿವಾರ ಕಾರು ಮರಳಿತು. ಎಷ್ಟು ಒತ್ತಿದರೂ ಸದ್ದಿಲ್ಲ. ಆ ಮೌನದಲ್ಲಿ ದಾನಮ್ಮನಿಗೆ ಕಾರು ತನ್ನಿಂದ ಏನನ್ನೋ ಮುಚ್ಚಿಡುತ್ತಿದೆ ಅನ್ನಿಸಿತು.

“ಅಜ್ಜಾರ, ನಾ ಇನ್ನ ಹುಡುಗರ್ನ ಕೂಡಸೂದಿಲ್ರಿ.”

“ಯಾಕ?”

“ಮೊದಲು ಏನೂ ಗೊತ್ತಿರಲಿಲ್ಲ, ನಡಸ್ತಿದ್ದೆ. ಆಮ್ಯಾಲೆ ಅದು ಹೇಳತಿತ್ತು, ನಡಸ್ತಿದ್ದೆ. ಈಗ ಗೊತ್ತೈತಿ, ಆದ್ರ ಹೇಳವ್ರಿಲ್ಲ.”

ಭಾನುವಾರ ಬೆಳಿಗ್ಗೆ ಅಜ್ಜಾರು ಕೋಲು ಹಿಡಿದು ಅವಳ ಮನೆಯ ಮುಂದೆ ನಿಂತರು.

ಇಬ್ಬರೂ ಆ ರಸ್ತೆಯಲ್ಲಿ ಕಾಲುವೆಯತ್ತ ನಡೆದರು. ದಾನಮ್ಮ ಎರಡು ವರ್ಷ ಅಲ್ಲಿ ಕಾರು ಓಡಿಸಿದ್ದಳು. ನಡೆದದ್ದು ಅದೇ ಮೊದಲು.

ಎಮ್ಮೆಕರು ಬಂದಿದ್ದ ಜಾಗದಲ್ಲಿ ಅವಳು ನಿಂತಳು. “ಇಲ್ಲೇ ನೋಡ್ರಿ.”

ಅಜ್ಜಾರು ಕೋಲಿನಿಂದ ಕಬ್ಬಿನ ಎಲೆ ಸರಿಸಿದರು. ಹಿಂದೆ ಒಂದು ಬಂಡಿದಾರಿ ಇತ್ತು. ಹೊಲದೊಳಗಿನಿಂದ ಬಂದು ಡಾಂಬರಿಗೆ ಕೂಡುತ್ತಿತ್ತು. ಕಬ್ಬು ಬೆಳೆದು ಅದನ್ನು ಮುಚ್ಚಿತ್ತು.

ಮುಂದಿನ ಜಾಗದಲ್ಲಿ ಮತ್ತೆ ಎಲೆ ಸರಿಸಿದರು. ಅಲ್ಲೊಂದು ಕಾಲುದಾರಿ. ಕುರಿ ದಾಟಿದಲ್ಲಿ ಒಂದು ಹಳ್ಳ.

ಒಂಬತ್ತು ಕಡೆ ಸರಿಸಿದರು. ಒಂಬತ್ತೂ ಕಡೆ ದಾರಿಯಿತ್ತು.

“ಇವು ಯಾವಾಗ ಆದವು ಅಜ್ಜಾರ?”

“ನೀ ಹುಟ್ಟೂಕಿಂತ ಮೊದಲು.”

ಸೋಮವಾರ ದಾನಮ್ಮ ಮಕ್ಕಳನ್ನು ಕೂಡಿಸಿಕೊಂಡಳು. ಮೊದಲಿನಂತೆ ಅಂಜಿ ಎರಡು ಸಲ ತಲೆ ಎಣಿಸಿದಳು. ಮಾತಾಡಬೇಡಿ ಎನ್ನಲಿಲ್ಲ. ಒಬ್ಬ ಪಾಠ ಒಪ್ಪಿಸುತ್ತಿದ್ದ, ಇನ್ನೊಬ್ಬ ಅವನ ತಪ್ಪು ಹಿಡಿಯುತ್ತಿದ್ದ, ಕಸ್ತೂರಿ ಇಬ್ಬರನ್ನೂ ಬಯ್ಯುತ್ತಿದ್ದಳು. ದಾನಮ್ಮ ಒಂಬತ್ತು ಕಡೆಯೂ ನಿಧಾನಿಸಿದಳು, ಹಾರ್ನ್ ಹಾಕಿದಳು, ಕಬ್ಬಿನ ಬುಡ ನೋಡಿದಳು.

ಕಾಲುವೆಯ ಸೇತುವೆಯ ಬಳಿ ಅಂಥ ಮುಚ್ಚಿದ ದಾರಿ ಇರಲಿಲ್ಲ. ಅದು ಆ ಒಂಬತ್ತರಲ್ಲಿ ಸೇರಿರಲಿಲ್ಲ.

ಆದರೂ ಅವಳು ಏರಿಯ ಮೇಲೆ ಕಣ್ಣು ಹಾಯಿಸಿದಳು. ದೂರದಲ್ಲಿ ಕಬ್ಬು ಹೇರಿದ ಟ್ರೇಲರ್ ಒಂದು ಇಳಿಜಾರಿನಲ್ಲಿ ಬರುತ್ತಿತ್ತು. ಮುಂದೆ ಟ್ರ್ಯಾಕ್ಟರ್ ಇರಲಿಲ್ಲ.

ದಾನಮ್ಮ ಬ್ರೇಕ್ ಒತ್ತಿದಳು. ಕಾರು ನಿಂತಿತು.

ಟ್ರೇಲರ್ ಅವರ ಮುಂದೆ ಎರಡು ಮಾರು ದೂರದಲ್ಲಿ, ಹೂವಿನ ಪಲ್ಲಕ್ಕಿಯಂತೆ ಸದ್ದಿಲ್ಲದೆ ರಸ್ತೆ ದಾಟಿ, ಕಾಲುವೆಗೆ ಇಳಿಯಿತು. ನೀರು ಅದನ್ನು ತೆಗೆದುಕೊಂಡಿತು. ಕಬ್ಬು ಒಂದೊಂದಾಗಿ ಮೇಲೆ ತೇಲಿದವು.

ದಾನಮ್ಮ ಹಿಂದೆ ತಿರುಗಿದಳು.

ಆರೂ ಮಕ್ಕಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕೂತಿದ್ದರು.

“ಏನಾತ್ರೋ?”

“ಅಬ್ಬಬ್ಬಾ ಅಕ್ಕೋರ, ಏನ ಕೂಗಿತ್ರಿ!” ಎಂದಳು ಕಸ್ತೂರಿ. “ಹಿಂದ ಎಂದೂ ಇಷ್ಟ ಜೋರ ಕೂಗಿರಲಿಲ್ಲ. ನಿಮಗ ಕೇಳಿಸಲಿಲ್ಲೇನ್ರಿ?”

ದಾನಮ್ಮ ಮಕ್ಕಳನ್ನು ಶಾಲೆಯ ಮುಂದೆ ಇಳಿಸಿ, ಅವರು ಗೇಟಿನೊಳಗೆ ಹೋಗುವವರೆಗೂ ನಿಂತು, ನೇರವಾಗಿ ಮಠಕ್ಕೆ ಬಂದಳು. ಅಜ್ಜಾರು ಆಕಳಿಗೆ ನೀರು ಕುಡಿಸುತ್ತಿದ್ದರು.

ಅವಳು ನಡೆದದ್ದನ್ನು ಹೇಳಿದಳು. ಅಜ್ಜಾರು ಬಕೆಟ್ ಕೆಳಗಿಟ್ಟು ಕೇಳಿದರು.

“ಪ್ಯಾಡ್ ಹೊಸವು ಅಜ್ಜಾರ. ಹುಡುಗರು ಸುಳ್ಳ ಹೇಳೂದಿಲ್ಲ, ಆರೂ ಮಂದಿ ಕಿವಿ ಮುಚ್ಚಿಕೊಂಡಿದ್ರು. ಆದ್ರ ನನಗ ಮಾತ್ರ ಏನೂ ಕೇಳಿಸಲಿಲ್ಲ. ಯಾಕಂತ ಹೇಳ್ರಿ. ಕೂಗಿದ್ದು ಏನು? ಯಾರಿಗೆ ಕೂಗ್ತು?”

ಅಜ್ಜಾರು ಕಾರಿನ ಸುತ್ತ ಒಂದು ಸುತ್ತು ಬಂದರು. ಎಡಗಡೆಯ ಗಾಲಿಯ ಹತ್ತಿರ ನಿಲ್ಲಲಿಲ್ಲ. ಹಿಂದಿನ ಬಾಗಿಲು ತೆಗೆದು ಖಾಲಿ ಸೀಟನ್ನು ನೋಡಿ, ಬಾಗಿಲು ಹಾಕಿದರು.

“ಮುಂಜಾನೆ ಆರು ಮಂದಿ ಹತ್ತಿದ್ರು,” ಎಂದರು. “ನೀ ನೋಡಿ ನಿಲ್ಲಿಸ್ದಿ. ಸಾಲಿ ಮುಂದ ಆರು ಮಂದಿ ಇಳದ್ರು.”